ಗಾದಿಗೆ ಯಾರು? ನಾಲ್ಕು ತಾಲ್ಲೂಕುಗಳ ಹಳೆಯ ದೊರೆತನದಲ್ಲಿ ಹೆಣ್ಣುಮಕ್ಕಳು

ಸ್ಮರಣ ಸಂಚಿಕೆಗೆ ಸಂಸ್ಥೆಯ ಇತಿಹಾಸ ಬರೆಯುವವರಿಗೆ ಸಿದ್ಧ ದಾರಿಯೊಂದಿದೆ. ಮೊದಲು ಸ್ಥಾಪಕರು, ಆಮೇಲೆ ಅಧ್ಯಕ್ಷರ ಪಟ್ಟಿ, ನಡುವೆ ಕಟ್ಟಡ ನಿಧಿಗೆ ಕೈಜೋಡಿಸಿದವರು, ಕೊನೆಗೆ ಮುಂದಿನ ಯೋಜನೆಗಳು. ನಾನು ಹೇಳಹೊರಟ ಸಂಸ್ಥೆಗೆ ಸ್ಥಾಪಕರಿಲ್ಲ, ನೋಂದಣಿ ಸಂಖ್ಯೆಯಿಲ್ಲ, ಮುಂದಿನ ಯೋಜನೆಯಂತೂ ಇಲ್ಲವೇ ಇಲ್ಲ. 1963ರ ಫೆಬ್ರುವರಿ 1ರಂದು ಕಾನೂನು ಅದರ ಬಾಗಿಲು ಮುಚ್ಚಿತು. ಆದರೂ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಸೀಮೆಯ ಬದುಕನ್ನು ಅದರಷ್ಟು ಕಾಲ ಆಳಿದ ಸಂಸ್ಥೆ ಇನ್ನೊಂದು ಸಿಗಲಾರದು. ದಂಡು ಕಟ್ಟಬೇಕು, ತೆರಿಗೆ ಎತ್ತಬೇಕು, ಮೇಲಿನ ಅರಸು ಕರೆದಾಗ ಕುದುರೆ ಏರಿ ಹೋಗಬೇಕು. ಅದಕ್ಕೆ ಬದಲಾಗಿ ನೆಲ ಉಣ್ಣಬೇಕು, ಮಕ್ಕಳಿಗೆ ಬಿಟ್ಟು ಹೋಗಬೇಕು. ಇಷ್ಟೇ ಅದರ ಬೈಲಾ. ನಾಳ್ಗಾವುಂಡ, ಮಹಾಮಂಡಲೇಶ್ವರ, ದಂಡನಾಯಕ, ನವಾಬ, ದೇಸಾಯಿ, ಗೌಡ ಎಂದು ಕಾಲಕ್ಕೊಂದು ಹೆಸರು ಬಂದರೂ ಹೂಟ ಬದಲಾಗಲಿಲ್ಲ.

ಈ ಸಂಸ್ಥೆಯ ಅಧ್ಯಕ್ಷರ ಪಟ್ಟಿ ಹಾಕಿದರೆ ಗಂಡಸರ ಹೆಸರುಗಳೇ ಸಾಲುಗಟ್ಟುತ್ತವೆ. ಅದರಲ್ಲಿ ಅಚ್ಚರಿಯಿಲ್ಲ. ಅಚ್ಚರಿಯಿರುವುದು ಆ ಸಾಲನ್ನು ಮುರಿದು ಬಂದ ಹೆಂಗಸರಲ್ಲಿ. ಅವರು ಎಲ್ಲಿ ಬಂದರು, ಯಾವ ಬಾಗಿಲಿನಿಂದ ಬಂದರು, ಆ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂದು ನೋಡುತ್ತ ಹೋದರೆ ಒಂದು ವಿಚಿತ್ರ ಕಟ್ಟಳೆ ಕಣ್ಣಿಗೆ ಬೀಳುತ್ತದೆ. ಮಗಳಿಗೆ ಇಲ್ಲದ ಗಾದಿ ಹೆಂಡತಿಗೆ ಸಿಗುತ್ತಿತ್ತು. ಅದೂ ಗಂಡ ಸತ್ತ ಮೇಲೆ.

ಹಿರೇಕೆರೂರಿನಿಂದ ದಕ್ಷಿಣಕ್ಕೆ, ತಾಲ್ಲೂಕಿನ ಗಡಿ ದಾಟಿ ಶಿಕಾರಿಪುರದ ಕಡೆ ಹೊರಟರೆ ಬಂದಳಿಕೆ ಸಿಗುತ್ತದೆ. ಈಗ ಹಾಳು ಗುಡಿಗಳ ಊರು; ಹತ್ತನೆಯ ಶತಮಾನದಲ್ಲಿ ನಾಗರಖಂಡ ಎಪ್ಪತ್ತು ಎಂಬ ಆಡಳಿತ ವಿಭಾಗದ ತೀರ್ಥ. ಆಗ ನಮ್ಮ ಸೀಮೆಯೂ ಆ ಸೀಮೆಯೂ ಬನವಾಸಿ ಹನ್ನೆರಡು ಸಾವಿರ ಎಂಬ ಒಂದೇ ನಾಡಿನ ಭಾಗ. ರಾಷ್ಟ್ರಕೂಟ ಎರಡನೆಯ ಕೃಷ್ಣನ ಕೆಳಗೆ ಕಲಿವಿಟ್ಟರಸ ಬನವಾಸಿಯನ್ನು ಆಳುತ್ತಿದ್ದಾಗ, 911ರ ಸುಮಾರಿಗೆ, ನಾಗರಖಂಡದ ನಾಳ್ಗಾವುಂಡ, ಅಂದರೆ ನಾಡಗೌಡ, ಸತ್ತರಸ ನಾಗಾರ್ಜುನ ತೀರಿಕೊಂಡ. ಅರಸ ಆ ಸ್ಥಾನವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟ. ಗಮನಿಸಿ: ಅವಳನ್ನು ಎಳೆಯ ಮಗನ ಪರವಾಗಿ ಕೂರಿಸಲಿಲ್ಲ, ಮೈದುನನ ಮೇಲ್ವಿಚಾರಣೆಯಲ್ಲಿ ಇರಿಸಲಿಲ್ಲ. ನಾಳ್ಗಾವುಂಡಿಕೆಯನ್ನೇ ಕೊಟ್ಟ. ಏಳು ವರ್ಷ ಅವಳು ಅದನ್ನು ನಡೆಸಿದಳು. ಶಾಸನ ಬರೆದ ಕವಿ ಅವಳು ಹೆಣ್ಣೆಂಬುದನ್ನು ಹೇಳಿ, ಕೂಡಲೇ ಅವಳ ಪರಾಕ್ರಮದ ಹೆಮ್ಮೆಯನ್ನೂ ಹೇಳುತ್ತಾನೆ. ಆ ಎರಡು ಮಾತುಗಳನ್ನು ಪಕ್ಕಪಕ್ಕ ಇಡಬೇಕೆನಿಸಿದ್ದರಲ್ಲೇ ಅವನ ಕಾಲದ ಗುಟ್ಟಿದೆ. ಗಂಡಸಾಗಿದ್ದರೆ ಮೊದಲ ಮಾತು ಬೇಕೇ ಆಗುತ್ತಿರಲಿಲ್ಲ.

918ರಲ್ಲಿ ಜಕ್ಕಿಯಬ್ಬೆಗೆ ಕಾಯಿಲೆ ಬಂತು. ಜೈನ ಶ್ರಾವಕಿಯಾದ ಅವಳು ಮಗಳನ್ನು ಕರೆಸಿ, ತನ್ನದನ್ನೆಲ್ಲ ಅವಳ ಕೈಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು. ತಾಯಿಯಿಂದ ಮಗಳಿಗೆ ಇಳಿದ ಆ ಒಪ್ಪಿಸುವಿಕೆ ನಮ್ಮ ಕಡೆಯ ದೊರೆತನದ ಇತಿಹಾಸದಲ್ಲಿ ತೀರಾ ಅಪರೂಪದ ಗಳಿಗೆ.

ಇದೇ ನಾಡಿನ ಊರೂರಿನಲ್ಲೂ ವೀರಗಲ್ಲುಗಳಿವೆ, ಅವುಗಳ ಪಕ್ಕಕ್ಕೆ ಮಾಸ್ತಿಕಲ್ಲುಗಳಿವೆ. ತುರು ಕಾಯುತ್ತ, ಊರು ಕಾಯುತ್ತ, ಒಡೆಯನಿಗಾಗಿ ಸತ್ತ ಗಂಡಿಗೆ ಒಂದು ಕಲ್ಲು. ಅವನ ಜೊತೆ ಬೆಂಕಿಗೆ ಬಿದ್ದ ಹೆಣ್ಣಿಗೆ ಬಳೆ ತೊಟ್ಟ ಕೈ ಕೊರೆದ ಇನ್ನೊಂದು ಕಲ್ಲು. ಸೈನಿಕ ದೊರೆತನ ವಿಧವೆಯರನ್ನು ಹುಟ್ಟಿಸುತ್ತಲೇ ಇತ್ತು, ಅವರ ಮುಂದೆ ಒಂದಕ್ಕಿಂತ ಹೆಚ್ಚು ದಾರಿಗಳಿದ್ದವು ಎಂಬುದಕ್ಕೆ ಬಂದಳಿಕೆಯ ಶಾಸನ ಸಾಕ್ಷಿ. ನಾವು ಮಾಸ್ತಿಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಜಕ್ಕಿಯಬ್ಬೆಯ ಹೆಸರನ್ನು ಒಂದು ಶಾಲೆಗೂ ಇಟ್ಟಂತೆ ಕಾಣೆ.

ನೂರು ವರ್ಷ ಮುಂದೆ ಬಂದರೆ ರಾಷ್ಟ್ರಕೂಟರು ಹೋಗಿ ಕಲ್ಯಾಣದ ಚಾಲುಕ್ಯರು ಬಂದಿದ್ದಾರೆ. ಅವರ ದಂಡಿನಲ್ಲಿ ಸೇವೆ ಮಾಡಿ, ಬೀಡನ್ನು ಕಾದು ‘ಕಟಕದ ಗೋವ’ ಎಂಬ ಬಿರುದು ಪಡೆದ ಚಟ್ಟದೇವನ ಮನೆತನ ಹಾನಗಲ್ಲಿನಲ್ಲಿ ನೆಲೆಯೂರಿದೆ. ಬನವಾಸಿಯ ಹಳೆಯ ಕದಂಬರ ಹೆಸರನ್ನೇ ಹೇಳಿಕೊಂಡ ಈ ಮನೆತನ ಪಾನುಂಗಲ್ (ಹಾನಗಲ್ಲ) ಐನೂರು ಮತ್ತು ಬನವಾಸಿ ಹನ್ನೆರಡು ಸಾವಿರವನ್ನು ಆಗಾಗ ಹಿಡಿಯುತ್ತ, ಕಳೆದುಕೊಳ್ಳುತ್ತ, ಮತ್ತೆ ಹಿಡಿಯುತ್ತ ಎರಡು ಶತಮಾನ ಕಳೆಯಿತು. ತಾರಕೇಶ್ವರ ಗುಡಿಯ ನಡು ಛತ್ತಿನ ತಾವರೆಯನ್ನು ಕತ್ತೆತ್ತಿ ನೋಡಿದವರಿಗೆ ಈ ಮನೆತನದ ಕೈಯಲ್ಲಿ ಎಷ್ಟು ಹಣ ಆಡುತ್ತಿತ್ತು ಎಂದು ನಾನು ಹೇಳಬೇಕಾಗಿಲ್ಲ.

ಈ ಮನೆಗೆ ಸೊಸೆಯಾಗಿ ಬಂದವಳು ಅಕ್ಕಾದೇವಿ. ಚಾಲುಕ್ಯ ಚಕ್ರವರ್ತಿ ಇಮ್ಮಡಿ ಜಯಸಿಂಹನ ಒಡಹುಟ್ಟಿದವಳು, ಮೊದಲನೆಯ ಸೋಮೇಶ್ವರನಿಗೆ ಸೋದರತ್ತೆ. 1022ರ ಹೊತ್ತಿಗೇ ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳು; ಮುಂದೆ ತೊರಗರೆ ಅರವತ್ತು, ಮಾಸವಾಡಿ ನೂರನಲವತ್ತು ಸೇರಿಕೊಂಡವು. ಹಾನಗಲ್ಲಿನ ಕದಂಬ ಮಯೂರವರ್ಮನ ಹೆಸರಿನ ಜೊತೆ ಅವಳ ಹೆಸರು ಆಡಳಿತದಲ್ಲಿ ಕೂಡಿ ಬರುತ್ತದೆ. ಅವಳ ಮಗ ತೋಯಿಮದೇವ 1060ರ ದಶಕದಲ್ಲಿ ಬನವಾಸಿಯನ್ನೂ ಪಾನುಂಗಲ್ಲನ್ನೂ ಆಳಿದ. ಅವಳ ಬಿರುದು ‘ಗುಣದಬೆಡಂಗಿ’ ಎಂದು ಪಾಠದ ಪುಸ್ತಕಗಳು ಹೇಳುತ್ತವೆ, ಅದು ಸರಿ. ಅವಳನ್ನು ‘ರಣಭೈರವಿ’ ಎಂದೂ ಕರೆದರು ಎಂಬುದನ್ನು ಅವು ಅಷ್ಟು ಜೋರಾಗಿ ಹೇಳುವುದಿಲ್ಲ. 1047ರಲ್ಲಿ ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿ ಬೀಡುಬಿಟ್ಟಿದ್ದಾಗ ಆ ಬೀಡಿನಿಂದಲೇ ಬಸದಿಗೆ ದತ್ತಿ ಬಿಟ್ಟಳು. ದಂಡಿನ ನಡುವೆ ಕುಳಿತು ದಾನಪತ್ರ ಬರೆಸುವ ಹೆಣ್ಣಿನ ಚಿತ್ರ ಅದು. ಅವಳ ರಾಜಧಾನಿ ವಿಕ್ರಮಪುರ ಈಗ ಅರಸಿಬೀಡಿ. ಊರೇ ಅವಳನ್ನು ಹೆಸರಿನಲ್ಲಿ ಉಳಿಸಿಕೊಂಡಿದೆ. ನಾಲ್ಕು ದಶಕಕ್ಕೂ ಮೀರಿ, ಇಬ್ಬರು ಚಕ್ರವರ್ತಿಗಳ ಕಾಲ ಕಂಡು, ದಂಡು ನಡೆಸಿ, ತೆರಿಗೆ ಬಿಟ್ಟು, ಸೂಡಿಯಂಥ ಊರುಗಳಿಗೆ ಕಟ್ಟುಪಾಡು ಹಾಕಿಕೊಟ್ಟ ಆಡಳಿತಗಾರ್ತಿಯನ್ನು ‘ರಾಜಕುಮಾರಿ’ ಎಂದು ಬರೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಅವಳು ಸಾಮಂತೆ. ದಂಡಿನೊಡತಿ.

ಆದರೆ ಅವಳು ಗಾದಿಗೆ ಬಂದ ದಾರಿ ಯಾವುದು? ಕಿಸುಕಾಡು ತಂದೆಯಿಂದ ಬಂದ ಪಾಲಲ್ಲ. ಅಣ್ಣತಮ್ಮಂದಿರ ಚಕ್ರವರ್ತಿತ್ವ ಕೊಟ್ಟ ನೇಮಕ. ಕಲ್ಯಾಣದ ಅರಸರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಬನವಾಸಿಯಂಥ ಫಲವತ್ತಾದ, ಯಾವಾಗಲೂ ಕೈಜಾರುವ ಪ್ರಾಂತ್ಯವನ್ನು ಸಾಮಂತನೊಬ್ಬನ ಕೈಗೇ ಬಿಟ್ಟರೆ ಮೊಮ್ಮಗನ ಕಾಲಕ್ಕೆ ಅವನದೇ ರಾಜ್ಯವಾಗುತ್ತದೆ. ಮನೆಯ ಹೆಣ್ಣಿಗೆ ಕೊಟ್ಟರೆ ಆ ಭಯ ಕಡಿಮೆ. 1053ರಲ್ಲಿ ಸೋಮೇಶ್ವರನ ರಾಣಿ ಮೈಲಲದೇವಿ ಬನವಾಸಿ ಹನ್ನೆರಡು ಸಾವಿರವನ್ನು ಆಳುತ್ತಿದ್ದಳು. ಮರುವರ್ಷ ಇನ್ನೊಬ್ಬ ರಾಣಿ ಕೇತಲದೇವಿ ಪೊನ್ನವಾಡದ ಅಗ್ರಹಾರವನ್ನು. ವಿಶ್ವಾಸಕ್ಕೆ ಕೊಟ್ಟ ಹುದ್ದೆಗಳು ಇವು. ಹೆಣ್ಣಿಗೆ ಆಳುವ ಶಕ್ತಿಯಿಲ್ಲ ಎಂದು ಆ ಕಾಲ ಎಲ್ಲಿಯೂ ಹೇಳಲಿಲ್ಲ. ಅವಳಿಗೆ ಆಳುವ ಹಕ್ಕಿದೆ ಎಂದೂ ಹೇಳಲಿಲ್ಲ.

ಇದು ಹಾನಗಲ್ಲ ಕದಂಬರ ವಂಶಾವಳಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವರ ಪಟ್ಟ ನೇರ ಗೆರೆಯಲ್ಲಿ ಇಳಿಯುತ್ತಿರಲಿಲ್ಲ. ಕೀರ್ತಿವರ್ಮನ ಬಳಿಕ ಅದು ಅವನ ಚಿಕ್ಕಪ್ಪ ಶಾಂತಿವರ್ಮನಿಗೆ ಹೋಯಿತು, ಅಲ್ಲಿಂದ ಅವನ ಮಗ ತೈಲಪನಿಗೆ, ಮುಂದೆ ತೈಲಪನ ಮಕ್ಕಳ ನಡುವೆ ಹಂಚಿ ಹರಿದಾಡಿತು. ಮಗನಿಲ್ಲದಿದ್ದರೆ ತಮ್ಮ, ತಮ್ಮನಿಲ್ಲದಿದ್ದರೆ ದಾಯಾದಿ. ರಾಣಿಯರ ಹೆಸರುಗಳೇನೋ ಸಿಗುತ್ತವೆ: ಚಾವುಂಡಲದೇವಿ, ಸಿರಿಯಾದೇವಿ, ಬಾಚಲದೇವಿ. ಶಿಗ್ಗಾಂವ ತಾಲ್ಲೂಕಿನ ಬಂಕಾಪುರದ 1055ರ ಶಾಸನದಲ್ಲಿ ಕದಂಬ ಹರಿಕೇಸರಿಯ ಜೊತೆ ಲಚ್ಚಲದೇವಿ ದತ್ತಿ ಬಿಡುತ್ತಾಳೆ. ಅವರು ತಾಯಿಯರಾಗಿ, ದಾನಿಗಳಾಗಿ, ಪಾಂಡ್ಯರೇ ಮೊದಲಾದ ಮನೆತನಗಳ ನೆಂಟಸ್ತನದ ಗಂಟಾಗಿ ಬರುತ್ತಾರೆ. ಹೆಣ್ಣುಮಕ್ಕಳು ಯಾವ ಮನೆಗೆ ಹೋದರೋ ಆ ಮನೆಯ ಶಾಸನದಲ್ಲಿ ಇಣುಕುತ್ತಾರೆ. ಹುಟ್ಟಿದ ಮನೆಯ ಪಟ್ಟಿಯಲ್ಲಿ ಇಲ್ಲ.

ಇದೇ ಕಾಲದಲ್ಲಿ, ಇದೇ ಚಾಲುಕ್ಯ ರಾಜಧಾನಿ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಮುಂದೆ ಎಂಟುನೂರು ವರ್ಷ ಭಾರತದ ಬಹುಭಾಗದ ಕೋರ್ಟುಗಳನ್ನು ಕಾಡಿದ ಗ್ರಂಥ ಅದು. ಗಂಡುಸಂತಾನವಿಲ್ಲದೆ, ಅಣ್ಣತಮ್ಮಂದಿರಿಂದ ಬೇರೆಯಾಗಿ ಬಾಳಿ ಸತ್ತವನ ಆಸ್ತಿಗೆ ಮೊದಲ ವಾರಸುದಾರಳು ಅವನ ಹೆಂಡತಿ ಎಂದು ವಿಜ್ಞಾನೇಶ್ವರ ಎದುರಾಳಿಗಳ ವಾದಗಳನ್ನೆಲ್ಲ ಒಂದೊಂದಾಗಿ ಕಡಿದು ಸ್ಥಾಪಿಸಿದ. ಮಗಳು ಅವಳ ಹಿಂದೆ. ಬಂದಳಿಕೆಯಲ್ಲಿ ನಡೆದದ್ದಕ್ಕೂ ಈ ಪಾಂಡಿತ್ಯಕ್ಕೂ ನೇರ ಸಂಬಂಧವಿದೆ ಎಂದು ನಾನು ಹೇಳುವುದಿಲ್ಲ. ಆದರೆ ಒಂದೇ ಮಣ್ಣಿನ ರೂಢಿಯೂ ಶಾಸ್ತ್ರವೂ ಒಂದೇ ಬಾಗಿಲನ್ನು ತೆರೆದವು. ಅದು ವಿಧವೆಯ ಬಾಗಿಲು.

ಕದಂಬರ ಕೊನೆಯ ದೊಡ್ಡ ಅರಸ ಕಾಮದೇವ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿ ಆನೆಕೆರೆಯ ಹತ್ತಿರ ಬೀಡುಬಿಟ್ಟ. ಕೋಟೆ ಕಾದ ಸೇನಾಪತಿ ಸೋಹಣಿ ಸತ್ತ, ಅವನ ಮಗ ಹೋರಾಟ ಮುಂದುವರಿಸಿದ. ಆ ಕಾಳಗವನ್ನು ಕೊರೆದ ವೀರಗಲ್ಲು ಹಾನಗಲ್ಲಿನಲ್ಲೇ ಇದೆ. ಅಪ್ಪನ ಜಾಗಕ್ಕೆ ಮಗ, ಅದೂ ರಣರಂಗದಲ್ಲೇ: ಸೈನಿಕ ದೊರೆತನ ತನ್ನ ವಾರಸುದಾರಿಕೆಯನ್ನು ಇದಕ್ಕಿಂತ ಚೆನ್ನಾಗಿ ಚಿತ್ರಿಸಿಕೊಳ್ಳಲಾರದು. ಸ್ವಾರಸ್ಯವೆಂದರೆ ಬಲ್ಲಾಳ ಹೀಗೆ ಉತ್ತರದಲ್ಲಿ ಕೋಟೆಗಳ ಬೆನ್ನು ಹತ್ತಿ ತಿರುಗುತ್ತಿದ್ದ ವರ್ಷಗಳಲ್ಲಿ ಹಳೇಬೀಡನ್ನು ನೋಡಿಕೊಂಡವಳು, ದಂಗೆಯೆದ್ದ ಸಾಮಂತರ ಮೇಲೆ ದಂಡು ಕಳಿಸಿದವಳು ಅವನ ರಾಣಿ ಉಮಾದೇವಿ.

ಇಲ್ಲಿ ನಾಲ್ಕು ತಾಲ್ಲೂಕುಗಳನ್ನು ಬಿಟ್ಟು ಜಪಾನಿಗೆ ಹೋಗಿಬರಬೇಕು. ಅತಿದೂರದ ಹಾರಿಕೆ ಅನ್ನಿಸಬಹುದು. ಆದರೆ ಕಾಮದೇವ ಹಾನಗಲ್ಲನ್ನು ಕಾಯುತ್ತಿದ್ದ ಕಾಲಕ್ಕೇ ಅಲ್ಲಿಯೂ ಇಂಥದೇ ಸಂಸ್ಥೆ ತಲೆಯೆತ್ತಿತ್ತು. ಮಿನಮೊತೊ ಯೊರಿತೊಮೊ 1192ರಲ್ಲಿ ಶೋಗನ್, ಅಂದರೆ ಮಹಾದಂಡನಾಯಕ, ಆದ. ಚಕ್ರವರ್ತಿ ಕ್ಯೋಟೋದಲ್ಲಿ ಹೆಸರಿಗೆ ಕುಳಿತ. ಕಾಮಾಕುರದಿಂದ ದಂಡಿನವರು ಆಳಿದರು. 1199ರಲ್ಲಿ ಯೊರಿತೊಮೊ ಸತ್ತಾಗ ಅವನ ಹೆಂಡತಿ ಹೋಜೊ ಮಸಾಕೊ ತಲೆ ಬೋಳಿಸಿಕೊಂಡು ಬೌದ್ಧ ಸನ್ಯಾಸಿನಿಯಾದಳು. ಹಾಗಂತ ಮನೆಯ ಬೀಗದ ಕೈ ಬಿಡಲಿಲ್ಲ. ಹಿರಿಯ ಮಗ ಶೋಗನ್ ಆದ, ಅವನನ್ನು ಇಳಿಸಲಾಯಿತು. ಕಿರಿಯ ಮಗ ಸಾನೆತೊಮೊ ಆದ, ಅವನನ್ನು 1219ರಲ್ಲಿ ಅಣ್ಣನ ಮಗನೇ ಕೊಂದ. ವಂಶ ನಿಂತುಹೋಯಿತು. ಕ್ಯೋಟೋದಿಂದ ಎರಡು ವರ್ಷದ ಕೂಸೊಂದನ್ನು ತಂದು ಬೆಳೆಸಿದರು. ಅದಕ್ಕೆ ಶೋಗನ್ ಪಟ್ಟ ಸಿಕ್ಕಿದ್ದು 1226ರಲ್ಲಿ, ಮಸಾಕೊ ಸತ್ತ ಮರುವರ್ಷ. ನಡುವಿನ ವರ್ಷಗಳಲ್ಲಿ ಶೋಗನ್ನೇ ಇರಲಿಲ್ಲ, ಮಸಾಕೊ ಇದ್ದಳು. 1221ರಲ್ಲಿ ನಿವೃತ್ತ ಚಕ್ರವರ್ತಿ ಕಾಮಾಕುರದ ಮೇಲೆ ತಿರುಗಿಬಿದ್ದಾಗ ಸಾಮಂತರನ್ನು ಸೇರಿಸಿ, ಸತ್ತ ಗಂಡನ ಉಪಕಾರ ನೆನಪಿಸಿ, ದಂಡು ಹೊರಡಿಸಿದವಳು ಅವಳೇ. ಜನ ಅವಳನ್ನು ‘ಸನ್ಯಾಸಿನಿ ಶೋಗನ್’ ಎಂದರು. ಪಟ್ಟದ ಪಟ್ಟಿಯಲ್ಲಿ ಮಾತ್ರ ಅವಳ ಹೆಸರಿಲ್ಲ.

ಕೆಳಗಿನ ಹಂತದಲ್ಲಿ ಜಪಾನು ನಮಗಿಂತ ಒಂದು ಹೆಜ್ಜೆ ಮುಂದಿತ್ತು. ಕಾಮಾಕುರದ ಮೊದಲ ವರ್ಷಗಳಲ್ಲಿ ಹೆಣ್ಣುಮಕ್ಕಳು ತಂದೆಯ ಜಹಗೀರಿನಲ್ಲಿ ಪಾಲು ಪಡೆಯುತ್ತಿದ್ದರು, ನಮ್ಮ ನಾಳ್ಗಾವುಂಡಿಕೆಗೆ ಹೋಲುವ ‘ಜಿತೊ’ ಹುದ್ದೆಯನ್ನೂ ಹಿಡಿಯುತ್ತಿದ್ದರು. 1232ರ ಕಟ್ಟಳೆಯಲ್ಲಿ ಮಕ್ಕಳಿಲ್ಲದ ಹೆಣ್ಣು ದತ್ತು ತೆಗೆದುಕೊಂಡು ಭೂಮಿ ಬಿಟ್ಟುಹೋಗಬಹುದೆಂದು ಬರೆದರು. ಗಂಡನ ಜಹಗೀರು ಪಡೆದ ವಿಧವೆ ಮರುಮದುವೆಯಾದರೆ ಅದನ್ನು ಗಂಡನ ಮಕ್ಕಳಿಗೆ ಬಿಟ್ಟುಕೊಡಬೇಕೆಂದೂ ಅದರಲ್ಲೇ ಇದೆ. (ನಮ್ಮಲ್ಲಿ 1856ರ ವಿಧವಾ ಪುನರ್ವಿವಾಹ ಕಾಯಿದೆ ಕೂಡ ಮರುಮದುವೆಗೆ ಅನುಮತಿ ಕೊಟ್ಟ ಕೈಯಿಂದಲೇ ಗಂಡನ ಆಸ್ತಿಯನ್ನು ಕಿತ್ತುಕೊಂಡಿತು. ಸಮುದ್ರ ಬೇರೆ, ಆರುನೂರು ವರ್ಷದ ಅಂತರ ಬೇರೆ, ಲೆಕ್ಕಾಚಾರ ಒಂದೇ.) ಆಮೇಲೆ 1274 ಮತ್ತು 1281ರಲ್ಲಿ ಮಂಗೋಲರು ದಂಡೆತ್ತಿ ಬಂದರು. ಪಾಲು ಪಾಲಾದ ಜಹಗೀರಿನಿಂದ ಕುದುರೆ ಕತ್ತಿ ಹೊರಡುವುದಿಲ್ಲ ಎಂದು ಸೈನಿಕ ಮನೆತನಗಳಿಗೆ ಅರಿವಾಯಿತು. ಮೊದಲು ಹೆಣ್ಣಿನ ಪಾಲನ್ನು ಅವಳ ಜೀವಮಾನಕ್ಕೆ ಮಿತಿಗೊಳಿಸಿದರು, ಆಮೇಲೆ ಕಿರಿಯ ಗಂಡುಮಕ್ಕಳ ಪಾಲನ್ನೂ ನುಂಗಿ ಒಬ್ಬನೇ ವಾರಸುದಾರ ಎಂದರು. 1575ರಲ್ಲಿ ಗಂಡುಮಕ್ಕಳಿಲ್ಲದ ತಾಚಿಬಾನ ದೋಸೆತ್ಸು ತನ್ನ ಕೋಟೆಯನ್ನೂ ಮನೆತನದ ಯಜಮಾನಿಕೆಯನ್ನೂ ಏಳು ವರ್ಷದ ಮಗಳು ಗಿಂಚಿಯೊಗೆ ಬರೆದುಕೊಟ್ಟ. ಆರು ವರ್ಷದೊಳಗೆ ಅವಳ ಗಂಡನನ್ನು ಮನೆಅಳಿಯನಾಗಿ ದತ್ತು ಮಾಡಿಕೊಂಡು ಯಜಮಾನಿಕೆ ಅವನಿಗೆ ವರ್ಗವಾಯಿತು. ಟೊಕುಗವಾ ಮನೆತನದ ಹದಿನೈದು ಶೋಗನ್‌ಗಳೂ ಗಂಡಸರೇ. ನೇರ ವಂಶ ನಿಂತಾಗ, 1716ರಲ್ಲಿ ಯೊಶಿಮುನೆಯನ್ನು ತಂದಂತೆ, ದಾಯಾದಿ ಮನೆಯಿಂದ ಗಂಡನ್ನು ತಂದರು. ಅಂತಃಪುರದಲ್ಲಿ ಹೆಣ್ಣುಮಕ್ಕಳಿಗೆ ಕೊರತೆಯಿರಲಿಲ್ಲ.

ನಮ್ಮ ಸೀಮೆಗೆ ಮರಳೋಣ. ಬಂಕಾಪುರ ಕೋಟೆಗೆ ಹೆಸರು ಕೊಟ್ಟವನು ಅಮೋಘವರ್ಷನ ದಂಡನಾಯಕ ಬಂಕೆಯ. ಅವನ ಬಳಿಕ ಮಗ ಲೋಕಾದಿತ್ಯ. ವಿಜಯನಗರದ ಕಾಲಕ್ಕೆ ಅದೇ ಸೀಮೆಯ ಬಾಡದಲ್ಲಿ ಬೀರಪ್ಪನ ನಾಯಕತನ ಮಗ ತಿಮ್ಮಪ್ಪನಿಗೆ ಬಂತು ಎಂದು ಪರಂಪರೆ ಹೇಳುತ್ತದೆ. ಆ ತಿಮ್ಮಪ್ಪ ಕತ್ತಿ ಬಿಸುಟು ಕನಕದಾಸನಾದ. ಅಪ್ಪನಿಂದ ಮಗನಿಗೆ ಬಂದ ಗಾದಿಯನ್ನು ತಾನಾಗಿ ಬಿಟ್ಟು ಎದ್ದ ಗಂಡಸು ಈ ಇಡೀ ಕಥೆಯಲ್ಲಿ ಅವನೊಬ್ಬನೇ ಇರಬೇಕು.

ಹಾನಗಲ್ಲ, ಹಿರೇಕೆರೂರಿಗೆ ದಕ್ಷಿಣದ ಮಗ್ಗುಲಲ್ಲಿದ್ದ ಕೆಳದಿಯಲ್ಲಿ ವಿಧವೆಯ ಬಾಗಿಲು ಪೂರ್ತಿ ತೆರೆಯಿತು. ಸೋಮಶೇಖರ ನಾಯಕ ಸತ್ತ ಮೇಲೆ ಚೆನ್ನಮ್ಮಾಜಿ ಬಸಪ್ಪನನ್ನು ದತ್ತು ತೆಗೆದುಕೊಂಡು, 1672ರಿಂದ 1697ರವರೆಗೆ ತಾನೇ ಆಳಿದಳು. ಬಿಜಾಪುರದ ದಂಡನ್ನು ತಡೆದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ದಾರಿಯಲ್ಲಿ ಆಸರೆ ಕೊಟ್ಟು ಔರಂಗಜೇಬನ ಸಿಟ್ಟನ್ನು ಮೈಮೇಲೆ ಎಳೆದುಕೊಂಡಳು. ದತ್ತುಮಗ ದೊಡ್ಡವನಾದ ಮೇಲೂ ಆಳ್ವಿಕೆ ಅವಳದೇ ಆಗಿತ್ತು ಎಂಬುದನ್ನು ಮರೆಯಬಾರದು. ಆಮೇಲೆ ವೀರಮ್ಮಾಜಿ, ಅವಳೂ ವಿಧವೆ, ಅವಳೂ ದತ್ತು ತಾಯಿ. 1763ರಲ್ಲಿ ಹೈದರಲಿ ಕೆಳದಿಯವರ ರಾಜಧಾನಿ ಬಿದನೂರನ್ನು ನುಂಗಿದ.

ಮರುವರ್ಷವೇ ಹೈದರ್ ಸವಣೂರಿನ ಮೇಲೆ ಬಂದ. ಸವಣೂರಿನ ಗಾದಿ ಬಿಜಾಪುರದ ಸೇವೆಯಲ್ಲಿದ್ದ ಮಿಯಾಣಾ ಪಠಾಣರದು. 1686ರಲ್ಲಿ ಬಿಜಾಪುರ ಬಿದ್ದಾಗ ಅಬ್ದುಲ್ ರವೂಫ್ ಖಾನ್ ಔರಂಗಜೇಬನ ಪಕ್ಷಕ್ಕೆ ಬಂದು ದಿಲೇರ್ ಖಾನ್ ಎಂಬ ಬಿರುದು, ಬಂಕಾಪುರ ಸೀಮೆಯ ಜಹಗೀರು ಪಡೆದ. ಅಲ್ಲಿಂದ 1948ರಲ್ಲಿ ಸಂಸ್ಥಾನ ವಿಲೀನವಾಗುವವರೆಗೆ ಗಾದಿ ಅವನ ವಂಶದ ಗಂಡಸರಲ್ಲೇ ಉಳಿಯಿತು. ಮೊದಮೊದಲು ಧಾರವಾಡ ಸೀಮೆಯ ದೊಡ್ಡ ಭಾಗವನ್ನು ಆಳಿದ ಮನೆ, ಇಂಗ್ಲಿಷರ ಕಾಲಕ್ಕೆ ಸುಮಾರು 70 ಚದರ ಮೈಲಿಗೆ ಕುಗ್ಗಿತ್ತು. ಸವಣೂರಿನ ಹೆಣ್ಣುಮಕ್ಕಳು ಇತಿಹಾಸದ ಬೆಳಕಿಗೆ ಬರುವುದು 1779ರ ಜೋಡಿ ಮದುವೆಯಲ್ಲಿ. ನವಾಬ ಅಬ್ದುಲ್ ಹಕೀಂ ಖಾನನ ಹಿರಿಯ ಮಗನಿಗೆ ಹೈದರನ ಮಗಳು, ಹೈದರನ ಎರಡನೆಯ ಮಗ ಅಬ್ದುಲ್ ಕರೀಮನಿಗೆ ನವಾಬನ ಮಗಳು. ಶ್ರೀರಂಗಪಟ್ಟಣದಲ್ಲಿ ವೈಭವದಿಂದ ನಡೆದ ಆ ಮದುವೆಯ ಜೊತೆಗೇ ಕರಾರೂ ಇತ್ತು. ಕಳೆದುಹೋದ ಸೀಮೆಯಲ್ಲಿ ಒಂದಿಷ್ಟು ವಾಪಸು, ಕಪ್ಪದಲ್ಲಿ ರಿಯಾಯಿತಿ. ಬದಲಿಗೆ ನವಾಬನ ಇಬ್ಬರು ಮಕ್ಕಳ ಮುಂದಾಳುತನದಲ್ಲಿ 2000 ಪಠಾಣ ಕುದುರೆಸವಾರರು ಹೈದರನ ಸೇವೆಗೆ. ಹೆಣ್ಣುಮಕ್ಕಳು ಸೊಸೆಯರಾಗಿ, ಗಂಡುಮಕ್ಕಳು ಸವಾರರ ಮುಖಂಡರಾಗಿ, ಎಲ್ಲರೂ ಒತ್ತೆಯೇ. ಕರ್ನಾಟಿಕ್ ಯುದ್ಧದಲ್ಲಿ ಆ ಸವಾರರು ಸವೆದುಹೋದರು. ಕಡಿಮೆಬಿದ್ದ ಸವಾರರ ಲೆಕ್ಕಕ್ಕೆ ಟಿಪ್ಪು ಹಣ ಕೇಳಿದ, 1786ರಲ್ಲಿ ಹಕೀಂ ಖಾನ್ ಸವಣೂರು ಬಿಟ್ಟು ಮರಾಠರ ಬೀಡು ಸೇರಿದ. ಬೀಗತನ ಏಳು ವರ್ಷಕ್ಕೆ ಮುಗಿಯಿತು. ಮನೆಯ ಹೆಣ್ಣನ್ನೇ ಪ್ರಾಂತ್ಯಕ್ಕೆ ಕಳಿಸಿ ಆಳಿಸುತ್ತಿದ್ದ ಚಾಲುಕ್ಯರ ಪದ್ಧತಿಗೂ ಇದಕ್ಕೂ ಏಳುನೂರು ವರ್ಷದ ಅಂತರವಿದೆ. ಆ ಅಂತರ ಹೆಣ್ಣಿನ ಪಾಲಿಗೆ ಮುನ್ನಡೆಯಾಗಿರಲಿಲ್ಲ.

1818ರಲ್ಲಿ ಪೇಶ್ವೆ ಬಿದ್ದ ಮೇಲೆ ಸವಣೂರು ಸಂಸ್ಥಾನವೊಂದನ್ನು ಬಿಟ್ಟು ಉಳಿದ ಸೀಮೆ ಕಂಪನಿಯ ಧಾರವಾಡ ಜಿಲ್ಲೆಗೆ ಸೇರಿತು. ಆ ಜಿಲ್ಲೆಯ ಕಲೆಕ್ಟರ್ ಥ್ಯಾಕರೆಯೇ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಸತ್ತದ್ದು. ಕಥೆ ಎಲ್ಲರಿಗೂ ಗೊತ್ತು, ಹಾಡಿ ಹಾಡಿ ಬಾಯಿಪಾಠವಾಗಿದೆ. ಆದರೆ ಜಗಳ ಹೊತ್ತಿದ್ದು ದತ್ತಕದ ಸುತ್ತ ಎಂಬುದನ್ನು ಹಾಡುಗಳು ಬೇಗ ದಾಟುತ್ತವೆ. ಶಿವಲಿಂಗರುದ್ರ ಸರ್ಜ ಸಾಯುವ ಮೊದಲು ತೆಗೆದುಕೊಂಡ ದತ್ತುವನ್ನು ಕಂಪನಿ ಒಪ್ಪಲಿಲ್ಲ. ಮಲ್ಲಸರ್ಜನ ವಿಧವೆ ಚೆನ್ನಮ್ಮ ಆ ದತ್ತುವಿನ ಪರ ನಿಂತಳು. ಮುಂಬಯಿ ಪ್ರಾಂತ್ಯದಲ್ಲಿ ರೂಢಿಯಾಗಿದ್ದ ಶಾಸ್ತ್ರದ ಪ್ರಕಾರ ವಿಧವೆಗೆ ಇದ್ದ ದೊಡ್ಡ ಬಲವೇ ದತ್ತಕ. ಗಂಡ ಬಾಯಿಬಿಟ್ಟು ಅನುಮತಿ ಕೊಡದಿದ್ದರೂ ಅವಳು ದತ್ತು ತೆಗೆದುಕೊಳ್ಳಬಹುದಿತ್ತು. ಬಂಗಾಳದ ವಿಧವೆಗೆ ಆ ಸ್ವಾತಂತ್ರ್ಯ ಇರಲಿಲ್ಲ. ಗಾದಿಯ ಮೇಲೆ ಯಾರು ಕೂರಬೇಕೆಂದು ಆರಿಸುವ ಕೈ ಅವಳದು. ಕಿತ್ತೂರಿನಲ್ಲಿ ಕಂಪನಿ ದತ್ತಕದ ಮೇಲೆ ಕೈಯಿಟ್ಟಾಗ ಹೆಣ್ಣಿಗೆ ಉಳಿದಿದ್ದ ಒಂದೇ ರಾಜಕೀಯ ಹಕ್ಕಿನ ಮೇಲೆ ಕೈಯಿಟ್ಟಿತು. ಚೆನ್ನಮ್ಮ 1829ರ ಫೆಬ್ರುವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು.

ಕತ್ತಿಯ ಕಾಲ ಮುಗಿದ ಮೇಲೆ ದೊರೆತನ ದಫ್ತರಕ್ಕಿಳಿಯಿತು. ದೇಸಗತಿ, ಗೌಡಕಿ, ಕುಲಕರ್ಣಿಕಿಗಳೆಲ್ಲ ‘ವತನ’ ಎಂಬ ಒಂದು ಹೆಸರಿನ ಕೆಳಗೆ ಬಂದವು. ರುಮಾಲು, ವಾಡೆ, ಬೇವಿನ ಗಿಡದ ಕೆಳಗಿನ ಚಾವಡಿ ಹಾಗೇ ಉಳಿದವು. ಕುದುರೆಯ ಜಾಗಕ್ಕೆ ಕಂದಾಯದ ಪುಸ್ತಕ ಬಂತು. 1874ರ ಮುಂಬಯಿ ವತನ ಕಾಯಿದೆ ಈ ವಂಶಪಾರಂಪರ್ಯದ ಹುದ್ದೆಗಳಿಗೆ ಚೌಕಟ್ಟು ಹಾಕಿತು. ಹನ್ನೆರಡು ವರ್ಷದ ನಂತರ, 1886ರಲ್ಲಿ, ಅದಕ್ಕೊಂದು ತಿದ್ದುಪಡಿ ಬಂತು. ನಮ್ಮ ಭಾಗದ ಹೆಣ್ಣುಮಕ್ಕಳ ಇತಿಹಾಸ ಬರೆಯುವವರು ಕಿತ್ತೂರಿನ ಕಾಳಗಕ್ಕೆ ಕೊಡುವ ಗಮನದಲ್ಲಿ ಹತ್ತರಲ್ಲೊಂದನ್ನು ಈ ತಿದ್ದುಪಡಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು. ವತನದ ಮನೆತನದ ಹೆಣ್ಣುಮಕ್ಕಳು, ಹೆಣ್ಣಿನ ಮೂಲಕ ಹಕ್ಕು ಕೇಳುವವರು ಯಾರೇ ಇರಲಿ, ಆ ಮನೆತನದಲ್ಲಿ ವಾರಸಿಗೆ ಅರ್ಹನಾದ ಗಂಡಸು ಒಬ್ಬನಿದ್ದರೂ ಅವನ ಹಿಂದೆಯೇ ನಿಲ್ಲಬೇಕು ಎಂದಿತು ಅದು. ಎಷ್ಟೇ ದೂರದ ದಾಯಾದಿಯಾದರೂ ಸರಿ. ಒಬ್ಬಳಿಗೆ ಮಾತ್ರ ವಿನಾಯಿತಿ: ಕೊನೆಯ ಗಂಡು ಒಡೆಯನ ವಿಧವೆಗೆ.

ಜಕ್ಕಿಯಬ್ಬೆಗೆ ತೆರೆದ ಬಾಗಿಲನ್ನು ಮುಂಬಯಿ ಸರಕಾರವೂ ಮುಚ್ಚಲಿಲ್ಲ. ಆದರೆ ಜಕ್ಕಿಯಬ್ಬೆ ಮಗಳಿಗೆ ತೆರೆದ ಬಾಗಿಲನ್ನು ಅಚ್ಚಾದ ಕಾನೂನಿನಲ್ಲಿ, ಸೆಕ್ಷನ್ ಹಾಕಿ ಮುಚ್ಚಿತು. ಮೊದಲು ರೂಢಿಯಲ್ಲಿ ಜಾಗ ನೋಡಿ, ಮನೆ ನೋಡಿ ಹೊಂದಿಸುತ್ತಿದ್ದುದು ಈಗ ಕಲೆಕ್ಟರರ ಕಚೇರಿಯ ವಾರಸಾ ರಜಿಸ್ಟರಿನಲ್ಲಿ ಕಾಯಂ ಆಯಿತು. ಸರಕಾರದ ವಾದ ಕಾಮಾಕುರದವರ ವಾದಕ್ಕಿಂತ ಬೇರೆಯಾಗಿರಲಿಲ್ಲ. ಸೇವೆ ಸಲ್ಲಿಸಲಿಕ್ಕೆ ಗಂಡಸು ಬೇಕು, ಮಗಳ ಮೂಲಕ ವತನ ಬೇರೆ ಮನೆತನಕ್ಕೆ ಹೋಗಬಾರದು. ಮಂಗೋಲರು ಬಂದಿರಲಿಲ್ಲ ಅಷ್ಟೇ. ಹಿರೇಕೆರೂರಿನ ಗೌಡನ ಕೆಲಸ ಕಂದಾಯ ವಸೂಲಿ ಮತ್ತು ಸಾಹೇಬರು ಬಂದಾಗ ಬಿಡಾರದ ವ್ಯವಸ್ಥೆ.

ವಿಧವೆಯ ದತ್ತಕದ ಹಕ್ಕು ಇನ್ನಷ್ಟು ಗಟ್ಟಿಯಾಗುತ್ತ ಹೋದದ್ದು ಈ ಕಾಲದ ಇನ್ನೊಂದು ಮುಖ. ಗೌಡರ ಮನೆತನವೊಂದರ ದಾವೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ, ಮುಂಬಯಿ ಪ್ರಾಂತ್ಯದ ಅವಿಭಕ್ತ ಕುಟುಂಬದ ವಿಧವೆ ದಾಯಾದಿಗಳ ಒಪ್ಪಿಗೆಯಿಲ್ಲದೆಯೂ ದತ್ತು ತೆಗೆದುಕೊಳ್ಳಬಹುದು ಎಂದು 1932ರಲ್ಲಿ ತೀರ್ಪಾಯಿತು. ದಾಯಾದಿಗಳ ನಿದ್ದೆಗೆಡಿಸಿದ ತೀರ್ಪು ಅದು. ವಾಡೆಯ ಒಳಗಿನ ಕತ್ತಲ ಕೋಣೆಯಲ್ಲಿ ಕುಳಿತ ಹೆಣ್ಣು ಹೆಬ್ಬೆಟ್ಟು ಒತ್ತಿ ಇಡೀ ಗೌಡಕಿಯ ದಿಕ್ಕನ್ನೇ ತಿರುಗಿಸಬಹುದಿತ್ತು. ತಿರುಗಿಸಿದವರೂ ಇದ್ದರು. ಅವಳ ಹೆಬ್ಬೆಟ್ಟಿನ ಹಿಂದೆ ಯಾವ ಅಣ್ಣ, ಯಾವ ತಮ್ಮ, ಯಾವ ವಕೀಲ ಇದ್ದ ಎಂಬುದು ಬೇರೆ ಮಾತು.

1950ರ ಕಾಯಿದೆಯಿಂದ ಪರಗಣೆಯ ಮತ್ತು ಕುಲಕರ್ಣಿ ವತನಗಳು ಹೋದವು. ಗ್ರಾಮದ ಹುದ್ದೆಗಳನ್ನು ರದ್ದುಮಾಡಿದ 1961ರ ಕಾಯಿದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ಗೌಡಕಿಯನ್ನೂ ಮುಗಿಸಿತು. ಚಾವಡಿಗೆ ತಲಾಟಿ ಬಂದರು. ಸಂಸ್ಥೆ ಮುಚ್ಚಿತು, ನೆಲ ಉಳಿಯಿತು. ಹುದ್ದೆ ಕಳೆದುಕೊಂಡ ವತನದಾರರಿಗೇ ಅದನ್ನು ಮರುಮಂಜೂರು ಮಾಡಲು ಅವಕಾಶವಿತ್ತು. ಹುದ್ದೆಯ ಜಗಳ ಹೀಗೆ ಹೊಲದ ಜಗಳವಾಯಿತು.

ಆ ಹೊಲಗಳಲ್ಲಿ ಮಗಳ ಪಾಲಿನ ಪ್ರಶ್ನೆಯನ್ನು ಕರ್ನಾಟಕ ದೇಶಕ್ಕಿಂತ ಮೊದಲೇ ಕೈಗೆತ್ತಿಕೊಂಡಿತು. 1994ರ ಜುಲೈ 30ರಿಂದ ರಾಜ್ಯದ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಮಗಳನ್ನೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳೆಂದು ಒಪ್ಪಿತು. ಆದರೆ ಅಷ್ಟರಲ್ಲಿ ಮದುವೆಯಾದವಳನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ ಬದುಕಿದ್ದಾನೋ ಸತ್ತಿದ್ದಾನೋ ಎಂಬುದು ಮಗಳ ಹಕ್ಕಿಗೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟು ಉಳಿದಿದ್ದ ಗೊಂದಲವನ್ನೂ ಕಳೆಯಿತು.

ಈಗ ನಮ್ಮ ತಾಲ್ಲೂಕುಗಳ ಉಪನೋಂದಣಿ ಕಚೇರಿಗಳಲ್ಲಿ ಬರೆಸುವ ಕಾಗದಗಳಲ್ಲಿ ‘ಹಕ್ಕು ಬಿಡುಗಡೆ ಪತ್ರ’ ಎಂಬುದೊಂದಿದೆ. ಗಂಡನ ಮನೆಯಿಂದ ಬಂದ ಅಕ್ಕತಂಗಿಯರು ಅಣ್ಣತಮ್ಮಂದಿರ ಹೆಸರಿಗೆ ತಮ್ಮ ಪಾಲು ಬಿಟ್ಟು ಸಹಿ ಹಾಕುತ್ತಾರೆ. ಪತ್ರದಲ್ಲಿ ‘ಸ್ವಸಂತೋಷದಿಂದ’ ಎಂದು ಬರೆದಿರುತ್ತದೆ. ಸಹಿಯಾದ ಮೇಲೆ ತವರಿನವರು ಇಳಕಲ್ ಸೀರೆ, ಖಣ, ಉಡಿ ತುಂಬಲಿಕ್ಕೆ ಕೊಬ್ಬರಿ ಉತ್ತತ್ತಿ ಕೊಟ್ಟು, ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಊಟ ಹಾಕಿಸಿ ಕಳಿಸುತ್ತಾರೆ. ಇತ್ತೀಚೆಗೆ ಕೆಲವರು ಸಹಿ ಹಾಕಲೊಪ್ಪದೆ ಪಾಲು ಕೇಳಿ ದಾವೆ ಹೂಡುವುದೂ ಉಂಟು. ಅಂಥವರಿಗೆ ತವರಿನ ಪಂಚಮಿ ಉಂಡಿ ತಪ್ಪುತ್ತದೆ.